ಬೆಳಕು ಕುಡಿದ ಬಿಲ್ಲೆ

ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಶಿವಬಸವ್ವನಿಗೆ ಎಂಬತ್ತಾರನೇ ಇಸವಿ ಪೂರ್ತಿ ಒಂದೇ ಧ್ಯಾನ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಆದರೆ ಉಜ್ಜಿದರೆ ಬೆಣ್ಣೆಯಂತೆ ಸವೆಯುತ್ತದೆ. ಲೇಸರ್ ಕಿರಣದಿಂದ ಮೇಲ್ಮೈಯನ್ನಷ್ಟೇ ಕರಗಿಸಿ, ಥಟ್ಟನೆ ಆರಲು ಬಿಟ್ಟರೆ ಅದಕ್ಕೊಂದು ಗಟ್ಟಿ ತೊಗಲು ಬಂದೀತು ಎಂದು ಅವಳು ನಂಬಿದ್ದಳು. ಲೇಸರ್ ಇದ್ದದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ಮೊದಲ ಸಲ ಹೋದಾಗ, ಕಣ್ಣಿಗೆ ಕಾಣದ ಆ ಕಿರಣ ಅವಳು ಒಯ್ದಿದ್ದ ಅಲ್ಯೂಮಿನಿಯಂ ಬಿಲ್ಲೆಗೆ ತಾಗಿ ಹಾಗೇ ಹಿಂದಿರುಗಿತು. ಬಿಲ್ಲೆ ಕನ್ನಡಿಯಂತೆ ಹೊಳೆಯುತ್ತಲೇ ಉಳಿಯಿತು. ಇನ್ನೊಂದೇ ಅವಕಾಶ ಕೊಡುತ್ತೇವೆ ಅಂದರು ಅಲ್ಲಿಯವರು.

ಅಕ್ಕನ ಮನೆಗೆಂದು ಬಾದಾಮಿಗೆ ಹೋದವಳು ಒಂದು ಮಧ್ಯಾಹ್ನ ಹೊಂಡದ ಮೆಟ್ಟಿಲ ಮೇಲೆ ಕೂತಳು. ಕೆಂಪು ಬಂಡೆಗಳು ನೀರಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದವು. ನೀರು ಬಿಸಿಲನ್ನೆಲ್ಲ ಮುಖಕ್ಕೇ ಎರಚುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದಂಥ ಹೊತ್ತು. ಪಕ್ಕದಲ್ಲಿ ಬಂದು ನಿಂತ ಎಮ್ಮೆಯ ಬೆನ್ನ ಮೇಲೆ ಸುಮ್ಮನೆ ಕೈಯಿಟ್ಟಳು, ಚುರ್ರೆಂದಿತು.

“ಕರಿ ಬೆನ್ನವ್ವ, ಬಿಸಲೆಲ್ಲಾ ಹೀರತೈತಿ,” ಎಂದು ನಕ್ಕಳು ಎಮ್ಮೆ ತೊಳೆಯಲು ಬಂದಿದ್ದ ರಂಗವ್ವ.

ಶಿವಬಸವ್ವ ತನ್ನ ಅಂಗೈ ನೋಡಿಕೊಳ್ಳುತ್ತ ಬಹಳ ಹೊತ್ತು ಕೂತಿದ್ದಳು. ಕಿರಣವನ್ನು ದೂಡುತ್ತಿರುವುದು ಆ ಹೊಳಪೇ. ಬಿಲ್ಲೆಗೂ ಕಪ್ಪು ಬಳಿಯಬೇಕು.

ಎರಡನೆಯ ಸಲ ಬೆಂಗಳೂರಿಗೆ ಹೋದಾಗ, ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನೇ ಪುಡಿ ಮಾಡಿ ಕಲಸಿ, ಕೂಸಿಗೆ ಕಾಡಿಗೆ ಹಚ್ಚುವಷ್ಟು ಮೆತ್ತಗೆ ಬಿಲ್ಲೆಗೆ ಹಚ್ಚಿದಳು. ಕಿರಣ ತಾಗಿದ್ದೇ, ಕಪ್ಪಿನ ಮೇಲೆ ಬಿಳಿ ಚುಕ್ಕೆಯೊಂದು ಹೊತ್ತಿಕೊಂಡು, ಇಳಕಲ್ಲಿನ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡಿತು. ಅದು ಹೋದಲ್ಲೆಲ್ಲ ಲೋಹ ಕರಗಿ, ರೆಪ್ಪೆ ಬಡಿಯುವುದರೊಳಗೆ ಆರುತ್ತಿತ್ತು.

ಬಾಗಲಕೋಟೆಯಲ್ಲಿ ಲೇತ್ ಅಂಗಡಿಯ ಖಾಸಿಂಸಾಬ ಅವಳಿಗಾಗಿ ಸವೆತ ನೋಡುವ ಒಂದು ಯಂತ್ರ ಮಾಡಿಟ್ಟಿದ್ದ. ತಿರುಗುವ ಬಿಲ್ಲೆಯನ್ನು ತೂಕ ಹೇರಿದ ಉಕ್ಕಿನ ಮೊಳೆಯೊಂದು ಒತ್ತಿ ಉಜ್ಜುತ್ತಿತ್ತು. ಮೊದಲು ಸಾದಾ ಬಿಲ್ಲೆ ಹಾಕಿದರು. ಅದು ಕಿರ್ರೆಂದು ಕೂಗಿ, ಬೂದಿಯಂಥ ಪುಡಿ ಉದುರಿಸಿ, ಉಗುರು ಸಿಕ್ಕುವಷ್ಟು ಆಳಕ್ಕೆ ಸವೆಯಿತು. ಆಮೇಲೆ ಬೆಂಗಳೂರಿನಿಂದ ತಂದದ್ದು. ಕೂಗು ಇಳಿದು ಗುನುಗಾಯಿತು. ನಿಲ್ಲಿಸಿ ನೋಡಿದರೆ ಕೂದಲೆಳೆಯಂಥ ಒಂದು ಗೆರೆ, ಅಷ್ಟೇ.

“ಅಕ್ಕಾರ, ಇದು ಖರೇನ ಅಲ್ಯೂಮಿನಿಯಂ ಏನ್ರಿ?”

“ಖರೇನ ಸಾಬರ. ಮ್ಯಾಲಿನ ತೊಗಲಷ್ಟ ಬ್ಯಾರೆ.”

“ಇನ್ನೊಂದೀಟು ತೂಕ ಹೇರೂಣ್ರಿ?”

“ಹೇರ್ರಿ.”

ಯಂತ್ರ ಮತ್ತೆ ಗುನುಗತೊಡಗಿತು. ಅವಳು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳತೊಡಗಿದಳು. ಹೊರಗೆ ಹುನಗುಂದದ ಬಸ್ಸು ಹಾರ್ನ್ ಹೊಡೆಯಿತು. ಹುನಗುಂದದಲ್ಲಿದ್ದ ಅವ್ವನನ್ನು ನೋಡಲು ಅದೇ ಬಸ್ಸಿಗೆ ಹೋಗಬೇಕಿತ್ತು, ಆದರೆ ಅವಳು ಏಳಲಿಲ್ಲ.