ಹೈಶುನ್‌ನಿಗೆ ದಾರಿ ಹೇಳಿದ್ದು

"ಎರಡು ದಿನ ತಡ್ಕೊಂಡು ಸಾಯಕ್ಕಾಗ್ತಿರ್ಲಿಲ್ವೇನೋ ಬೋಳಿಮಗನೆ?" ಎಂದು ಹಡಗಿನ ಮಾಲೀಕರ ಕಡೆಯ ಕ್ವೋ ಸಾಹೇಬ ಹೆಣವನ್ನೇ ಕೇಳಿದ. ಯಾವಾಗಲೂ ಎದುರುತ್ತರ ಕೊಡುತ್ತಿದ್ದ ಖಲಾಸಿ ಹೈಶುನ್ ಈ ಸಲ ಕೊಡಲಿಲ್ಲ.

ತೈವಾನಿನ ಕೀಲುಂಗ್ ಬಂದರಿನಲ್ಲಿ ಹಡಗು ಕಟ್ಟಿದ ಹಗ್ಗ ಕಿತ್ತು ಅವನ ಎದೆಗೆ ಬಡಿದಿತ್ತು. ಆಸ್ಪತ್ರೆ ಎಂದರೆ ತಡವೆಂದು ಕ್ವೋ ಹಡಗು ಬಿಡಿಸಿದ. ಆಚೆ ದಡದ ಚೀನಾದಲ್ಲಿ ನಮ್ಮ ಫುಚೌ. ನೆಟ್ಟಗೆ ಪಶ್ಚಿಮಕ್ಕೆ ಹೋದರೆ ಒಂದು ರಾತ್ರಿಯ ದಾರಿ. ಆದರೆ ಎರಡು ಸರ್ಕಾರಗಳೂ ಒಂದನ್ನೊಂದು ಸರ್ಕಾರವೆಂದು ಒಪ್ಪುವುದಿಲ್ಲವಾದ್ದರಿಂದ ನೆಟ್ಟಗಿನ ದಾರಿಯೇ ಇಲ್ಲ. ಪೂರ್ವಕ್ಕೆ ಜಪಾನಿನ ಇಶಿಗಾಕಿ ದ್ವೀಪದವರೆಗೆ ಹೋಗಿ, ಮೊಹರು ಹಾಕಿಸಿಕೊಂಡು, ಅಲ್ಲಿಂದಲೇ ಹೊರಟವರ ಮುಖ ಮಾಡಿಕೊಂಡು ತಿರುಗಿ ಬರಬೇಕು. ಹೈಶುನ್ ಹೋಗುವ ದಾರಿಯಲ್ಲೇ ರಕ್ತ ಕಾರಿ ಸತ್ತ.

ನಮ್ಮ ಕಡೆ, ಊರ ಹೊರಗೆ ಸತ್ತವನನ್ನು ಮನೆಗೆ ಒಯ್ಯುವಾಗ ತಿರುವು ತಿರುವಿಗೂ ಹೆಸರು ಹಿಡಿದು ಕೂಗಿ ದಾರಿ ಹೇಳಬೇಕು. ಇಲ್ಲದಿದ್ದರೆ ಅವನ ಜೀವ ಅಲ್ಲೇ ನಿಂತುಬಿಡುತ್ತದೆ. ಹಡಗಿನಲ್ಲಿ ಅವನ ಊರಿನವನೆಂದರೆ ಅಡುಗೆಯವನಾದ ನಾನೊಬ್ಬನೇ. ತಣ್ಣನೆ ಕೋಣೆಯಲ್ಲಿ, ಎಲೆಕೋಸಿನ ಮೂಟೆಗಳ ಹಿಂದೆ ಅವನನ್ನು ಮಲಗಿಸಿದ್ದರು.

"ಅಣ್ಣ, ಮನೆ ಹಿಂದಕ್ಕಿದೆ, ನಾವು ಮುಂದಕ್ಕೋಗ್ತಿದೀವಿ. ಗಾಬ್ರಿಯಾಗ್ಬೇಡ, ಮೊಹರು ಹಾಕ್ಸಕ್ಕೆ" ಎಂದೆ.

"ಸತ್ತೋನ್ಗೂ ಮೊಹರು ಬೇಕೇನ್ಲಾ?" ಎಂದು ಮುದಿ ಖಲಾಸಿ ವೆಂಗ್ ಮಾವ ನಕ್ಕ. ಆಮೇಲೆ ಮೂಗು ಒರೆಸಿಕೊಂಡ.

ಇಶಿಗಾಕಿಯಲ್ಲಿ ಲಂಗರು ಬಿದ್ದ ಕೂಡಲೇ ಕ್ವೋ ಅಡುಗೆಮನೆಗೆ ಬಂದ.

"ಹೆಣ ಐತೆ ಅಂತ ಗೊತ್ತಾದ್ರೆ ಹಡಗು ಹಿಡ್ಕೋತಾರೆ. ತುಟಿ ಬಿಚ್ಚಿದ್ಯೋ, ನಿನ್ನ ಇನ್ಯಾವ ಹಡಗೂ ಹತ್ತಿಸ್ಕೊಳ್ಳಲ್ಲ."

"ತಿರುಗೋವಾಗ ಕೂಗ್ಬೇಕು ಸಾಹೇಬ್ರೆ. ಇಲ್ದಿದ್ರೆ ಇಲ್ಲೇ ಉಳ್ಕೋತಾನೆ."

"ಉಳ್ಕೊಳ್ಳಿ ಬಿಡು. ಅವ್ನ ಯೋಗ್ತೆಗೆ ಜಪಾನು!"

"ಅವ್ನಿಗೆ ಹೆಂಡ್ತಿ ಇದಾಳೆ."

"ಮನಸ್ನಲ್ಲೇ ಕೂಗ್ಕೋ."

"ಮನಸ್ನಲ್ಲಿ ಕೂಗಿದ್ರೆ ಹೆಣಕ್ಕೆ ಕೇಳ್ಸತ್ತಾ?"

ಕಪಾಳಕ್ಕೆ ಬಿತ್ತು.

ಜಪಾನಿನ ಅಧಿಕಾರಿ ಹಡಗು ಹತ್ತಲಿಲ್ಲ. ಕಾಗದಗಳನ್ನು ಬುಟ್ಟಿಯಲ್ಲಿ ಇಳಿಬಿಟ್ಟರು. ಅವನು ದೋಣಿಯಲ್ಲಿ ಕೂತೇ ಮೊಹರು ಒತ್ತಿದ. ಬುಟ್ಟಿ ಮೇಲೆ ಬಂತು. ಲಂಗರೆತ್ತಿ ಹಡಗು ಪಶ್ಚಿಮಕ್ಕೆ ಮೂತಿ ತಿರುಗಿಸಿತು. ದೋಣಿ ಇನ್ನೂ ಪಕ್ಕದಲ್ಲೇ ಇತ್ತು.

ನಾನು ಹಡಗಿನ ಅಂಚಿನ ಕಟಕಟೆಗೆ ಓಡಿದೆ.

"ಹೈಶುನಣ್ಣಾ! ತಿರುಗ್ತಿದೀವಿ! ಇಳೀಬೇಡ! ಇದು ನಮ್ಮೂರಲ್ಲ!"

ಕ್ವೋ ಕೈಯಿಂದ ನನ್ನ ಬಾಯಿ ಮುಚ್ಚಿದ. ಅವನ ಬೆರಳು ಕಚ್ಚಿದೆ. ಅಷ್ಟರಲ್ಲಿ ವೆಂಗ್ ಮಾವ ಕೂಗಿದ. ಎಂಜಿನ್ ಕೋಣೆಯವರೂ ಮಸಿ ಮೈಯಲ್ಲೇ ಮೇಲೆ ಬಂದು ಕೂಗಿದರು: "ಹೈಶುನಣ್ಣಾ! ಇಳೀಬೇಡ!"

ಅಧಿಕಾರಿ ತಲೆಯೆತ್ತಿ ನೋಡಿದ. ನಮ್ಮ ಮಾತು ಅವನಿಗೆ ಬಾರದು. ಬೀಳ್ಕೊಡುಗೆ ಎಂದುಕೊಂಡನೋ ಏನೋ, ಬಿಳಿ ಕೈಗವಸಿನ ಕೈಯೆತ್ತಿ ಬಹಳ ವಿನಯದಿಂದ ಬೀಸಿದ.