ಮಾವನ ಸ್ನಾನದ ನೀರು

"ಹೊಡಿಯೋ ಸೆಲ್ಫು, ಬೋಳಿಮಗನೆ! ನೊಂದ್ಕೊಳ್ತದೆ ಅಂತ ನೇವರಿಸ್ತಾ ಕೂತಿದೀಯಲ್ಲ, ಅದೇನು ನಿನ್ನ ಹೆಂಡ್ತಿನಾ?"

ಧಣಿಯ ಕೂಗಿಗೆ ಡ್ರೈವರ್ ಮತ್ತೊಮ್ಮೆ ಸೆಲ್ಫ್ ಹೊಡೆದ. ಹಳೇ ಬುಲ್ಡೋಜರು ಗುರ್ ಗುರ್ ಎಂದು ನರಳಿ, ಬುಸ್ಸೆಂದು ಒಂದಿಷ್ಟು ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಬೆಳ್ಳಗಾಗಿತ್ತು. ಮನೆ ಖಾಲಿ ಮಾಡಿಸಲು ಕಚೇರಿಯಿಂದ ಬಂದ ಸಾಹೇಬ ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಮೂಗು ಸೊರಗುಟ್ಟಿಸುತ್ತ ಧಣಿಯ ಪಕ್ಕ ನಿಂತಿದ್ದ. ಎದುರಿಗೆ ಕಲ್ಲುಕ್ವಾರಿಯ ಕೂಲಿಗಳ ಸಾಲುಮನೆ. ಅದನ್ನು ನೆಲಸಮ ಮಾಡಿದರೆ ಅಲ್ಲಿ ಧಣಿಯ ಹೊಸ ಆಫೀಸು ಏಳಬೇಕು. ಕೂಲಿಗಳು ಪಾತ್ರೆ, ಚಾಪೆ, ಮಕ್ಕಳನ್ನೆಲ್ಲ ಹೊರಗೆ ಒಟ್ಟಿಕೊಂಡು, ತಮ್ಮ ಮನೆ ಯಾವಾಗ ಬೀಳುತ್ತದೋ ಎಂದು ನಡುಗುತ್ತ ಕಾಯುತ್ತಿದ್ದರು. ಬೀಳಿಸುವವನೂ ಅವರಲ್ಲೊಬ್ಬನೇ ಆಗಿದ್ದ.

ಡ್ರೈವರನ ಹೆಂಡತಿಯನ್ನು ಎಲ್ಲರೂ ಬಿಸಿನೀರಕ್ಕ ಎನ್ನುತ್ತಿದ್ದರು. ಅವಳ ಪಕ್ಕದಲ್ಲಿ ಬಾಣಂತಿ ಮಗಳು, ಮಗಳ ಮಡಿಲಲ್ಲಿ ಹಸುಗೂಸು. ಕೂಸಿನ ತುಟಿ ನೀಲಿಗೆ ತಿರುಗಿತ್ತು. ಇಷ್ಟು ಹೊತ್ತು ಅಳುತ್ತಿದ್ದದ್ದು ಈಗ ಅಳುವುದನ್ನೂ ಬಿಟ್ಟಿತ್ತು. ಅಳು ನಿಂತದ್ದು ಕಂಡು ಬಿಸಿನೀರಕ್ಕ ತನ್ನ ಸೆರಗನ್ನೂ ಕೂಸಿಗೆ ಸುತ್ತಿದಳು.

ಅವಳಿಗೆ ಆ ಹೆಸರು ಬರಲು ಈ ಯಂತ್ರವೇ ಕಾರಣ. ಎಂಜಿನ್ ಬೆಚ್ಚಗೆ ಮಾಡುವ ಹೀಟರ್ ಪ್ಲಗ್ಗುಗಳು ಎಂದೋ ಸುಟ್ಟುಹೋಗಿದ್ದವು. "ಹೊಸದ್ಯಾಕೆ? ನಿಮ್ಮ ಒಲೆಗಳೆಲ್ಲ ಯಾತಕ್ಕಿದಾವೆ?" ಎಂದಿದ್ದ ಧಣಿ. ಅಂದಿನಿಂದ ಪ್ರತಿ ಚಳಿಗಾಲ ಸಾಲುಮನೆ ಅದರ ಸೇವೆಗೆ ನಿಂತಿತ್ತು. ಸಂಜೆ ಬ್ಯಾಟರಿ ಬಿಚ್ಚಿ ತಂದು ಬಿಸಿನೀರಕ್ಕನ ಒಲೆಯ ಪಕ್ಕ ಕಂಬಳಿ ಹೊದಿಸಿ ಮಲಗಿಸಬೇಕು. ಬೆಳಿಗ್ಗೆ ಎಲ್ಲರ ಒಲೆಗಳಲ್ಲೂ ನೀರು ಕಾಯಿಸಿ ರೇಡಿಯೇಟರಿಗೆ ಹೊಯ್ಯಬೇಕು. ಗಟ್ಟಿಯಾದ ಆಯಿಲ್ ತೆಳ್ಳಗಾಗಲು ಎಂಜಿನ್ನಿನ ಕೆಳಗೆ ಬಾಂಡಲಿಯಲ್ಲಿ ಕೆಂಡ ಇಡಬೇಕು. ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ಯಂತ್ರಕ್ಕೆ ಹೆಂಗಸರು 'ಮಾವ' ಎಂದೇ ಹೆಸರಿಟ್ಟಿದ್ದರು. ಮಾವನ ಸ್ನಾನ ಮುಗಿದು ನೀರು ಮಿಕ್ಕರೆ ಮನುಷ್ಯರಿಗೆ. ಮಿಗುತ್ತಿರಲಿಲ್ಲ. ಕೂಸಿಗೂ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ್ದಷ್ಟೇ ಬಂತು.

ನಿನ್ನೆ ಸಂಜೆ ಧಣಿ ಅತಿ ಜಾಣತನ ಮಾಡಿದ. ಮನೆ ಕಳೆದುಕೊಳ್ಳುವ ಜನ ಬ್ಯಾಟರಿ ಹೊತ್ತುಕೊಂಡು ಓಡಿದರೆ? ಅದನ್ನು ಉಗ್ರಾಣದ ಸಿಮೆಂಟು ನೆಲದ ಮೇಲೆ ಇಡಿಸಿ ಬೀಗ ಜಡಿಸಿದ. ಇವತ್ತು ಬೆಳಕು ಹರಿಯುತ್ತಲೇ ಕಾವಲುಗಾರನನ್ನು ಕಳಿಸಿ ಸಾಲಿನ ಒಲೆಗಳಿಗೆಲ್ಲ ಕೊಡದಲ್ಲಿ ತಣ್ಣೀರು ಸುರಿಸಿದ. ಬೆಚ್ಚಗಿದ್ದರೆ ತಾನೇ ಒಳಗೆ ಕೂರುತ್ತಾರೆ?

ಪೇಟೆಯಿಂದ ಬಂದ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬಿಚ್ಚಿ ನೀರು ಬಸಿದ. ಪೈಪು ಸಡಿಲಿಸಿ ಏರ್ ತೆಗೆದ. ಸೆಲ್ಫ್ ಹೊಡೆದರೆ ಮತ್ತೆ ಅದೇ ನರಳಾಟ, ಅದೇ ಬಿಳಿ ಹೊಗೆ.

"ತಳ್ಳಿ ನೋಡ್ಬಾರ್ದಾ?" ಎಂದ ಸಾಹೇಬ. "ನಮ್ಮ ಆಫೀಸಿನ ಜೀಪು ದಿನಾ ತಳ್ಳಿದ್ರೆ ತಾನೇ ಹತ್ಕೊಳ್ಳೋದು."

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದವನು, ಸಾಹೇಬನ ಟೋಪಿ ನೋಡಿ ಮುಚ್ಚಿಕೊಂಡ. ಬುಲ್ಡೋಜರಿಗೆ ಚಕ್ರ ಇಲ್ಲ, ಕಬ್ಬಿಣದ ಪಟ್ಟಿ ಇದೆ ಎಂದು ಸಾಹೇಬನಿಗೆ ಹೇಳುವವರು ಯಾರು?

"ತಳ್ರೋ!" ಎಂದ ಧಣಿ.

ತಮ್ಮ ಮನೆ ಕೆಡವಲು ಬಂದ ಯಂತ್ರಕ್ಕೆ ಮನೆಯವರೆಲ್ಲ ಸೇರಿ ಹೆಗಲು ಕೊಟ್ಟರು. ಅದು ಕೂದಲೆಳೆಯಷ್ಟೂ ಕದಲಲಿಲ್ಲ. "ಇನ್ನೊಂಚೂರು! ಹಾಂ, ಬಂತು, ಬಂತು!" ಎಂದು ಸಾಹೇಬ ಕೈ ಬೀಸಿ ಹುರಿದುಂಬಿಸಿದ.

"ಮಾವ, ಇಷ್ಟು ಜನ ಸೊಸೆಯಂದ್ರು ಬೇಡ್ಕೊಳ್ತಿದೀವಿ, ಎದ್ದೇಳೋ ಮುಂಡೇದೇ!" ಎಂದಳೊಬ್ಬಳು. ತಳ್ಳುತ್ತಿದ್ದವರೆಲ್ಲ ನಕ್ಕುಬಿಟ್ಟರು.

ನಕ್ಕವರು ಇವರು, ಏಟು ಬಿದ್ದದ್ದು ಡ್ರೈವರನಿಗೆ. ಧಣಿ ಅವನನ್ನು ಕೆಳಗೆಳೆದು ಕೆನ್ನೆಗೆ ಬಾರಿಸಿದ. "ಆಟ ಆಡಿಸ್ತೀಯೇನೋ, ಸೂಳೆಮಗನೆ?" ಡ್ರೈವರ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹೆಂಡತಿ, ಮಗಳು ನೋಡುತ್ತಿದ್ದರು.

ಮೆಕ್ಯಾನಿಕ್ ಕೈ ಒರೆಸಿಕೊಂಡ. "ಇದಕ್ಕೆ ಬೇರೆ ಏನೂ ರೋಗ ಇಲ್ಲ ಧಣೀರೆ, ಚಳಿ ಅಷ್ಟೇ. ಕುದಿಯೋ ನೀರು ಬೇಕು, ಕೆಂಡ ಬೇಕು. ಬ್ಯಾಟರಿ ಒಂದಷ್ಟು ಹೊತ್ತು ಒಲೆ ಪಕ್ಕ ಇರ್ಬೇಕು."

"ಒಲೆ ಎಲ್ಲಿದೆ?" ಎಂದ ಸಾಹೇಬ.

ಎಲ್ಲರೂ ಸಾಲುಮನೆಯ ಕಡೆ ತಿರುಗಿದರು. ಧಣಿ ಕೊನೆಗೆ ತಿರುಗಿದ.

"ಏ ಬಿಸಿನೀರು! ಏನು ಮಹಾರಾಣಿ ಥರ ಕೂತಿದೀಯ? ಹೋಗಿ ಒಲೆ ಹಚ್ಚು!"

"ಆರಿಸಿದ್ದು ನಿಮ್ಮೋರೇ ಅಲ್ವಾ ಧಣಿ?"

"ಎದುರು ಮಾತಾಡ್ತೀಯ? ಮೊದ್ಲು ನೀರು ಕಾಯಿಸು. ಮನೆ ಆಮೇಲೆ ಕೆಡವ್ತೀವಿ."

"ಈ ಗಾಳೀಲಿ ಹೊರಗೆ ಕಡ್ಡೀನೂ ಹತ್ತಲ್ಲ. ಒಳಗೇ ಹೋಗ್ಬೇಕು."

"ಹೋಗ್ರೇ! ಎಲ್ಲಾ ಹೋಗಿ ಸಾಯ್ರಿ ಒಳಗೆ!"

ಹೀಗೆ ಧಣಿಯ ಅಪ್ಪಣೆಯ ಮೇರೆಗೆ, ಹೊರಹಾಕಿಸಿಕೊಂಡವರೆಲ್ಲ ಮನೆಗೆ ಹೋದರು. ಆಗತಾನೇ ಜಡಿದಿದ್ದ ಬೀಗಗಳನ್ನು ಸಾಹೇಬ ತಾನೇ ನಿಂತು ತೆಗೆಸಿದ. ಒದ್ದೆ ಬೂದಿ ತೋಡಿ ಒಣ ಪುಳ್ಳೆ ಇಟ್ಟು ಊದಿದ್ದಕ್ಕೆ ಒಲೆಗಳು ಹೊತ್ತಿಕೊಂಡವು. ಕಾವಲುಗಾರ ಯಂತ್ರದಿಂದ ಬ್ಯಾಟರಿ ಬಿಚ್ಚಿ ಹೊತ್ತು ತಂದು ಬಿಸಿನೀರಕ್ಕನ ಒಲೆಯ ಪಕ್ಕ ಇಳಿಸಿ ಕಂಬಳಿ ಹೊದಿಸಿದ. ಬೆಂಕಿಗೆ ಕೈ ಒಡ್ಡಿ ಕೂತವನು ಮತ್ತೆ ಏಳಲಿಲ್ಲ.

ಹಂಡೆಯ ನೀರು ಸದ್ದು ಮಾಡತೊಡಗಿತು. ಈ ನೀರು ಯಂತ್ರದ ಹೊಟ್ಟೆ ಸೇರಿದರೆ ಯಂತ್ರ ಬಂದು ಈ ಗೋಡೆ ಸೇರುತ್ತದೆ. ಬಿಸಿನೀರಕ್ಕ ಕೂಸಿನ ಪಾದ ಮುಟ್ಟಿ ನೋಡಿದಳು. ಕಲ್ಲಿನ ಹಾಗೆ ತಣ್ಣಗಿತ್ತು. ಇಷ್ಟು ವರ್ಷ ಯಾರಿಗೆ ನೀರು ಹೊತ್ತೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕೆಂಡದ ಬಾಂಡಲಿಯನ್ನು ತಿಕ್ಕಿ ತೊಳೆದು ಹೊಸ್ತಿಲಿಗೆ ತಂದಿಟ್ಟಳು. ನೀರು ತೋಡಿ ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಕೂಸನ್ನು ಅದರಲ್ಲಿ ಇಳಿಸಿದಳು.

ಕೂಸು ಸಾಲುಮನೆಗೆಲ್ಲ ಕೇಳುವ ಹಾಗೆ ಕಿರುಚಿತು. ಮಗಳು ಅಳುತ್ತಲೇ ನಕ್ಕಳು.

"ಅದು ಮಷೀನಿಗೆ ಇಟ್ಟ ನೀರು ಕಣೇ, ಲೌಡಿ!" ಎಂದು ಧಣಿ ಅಲ್ಲಿಂದಲೇ ಅರಚಿದ.

"ಇವತ್ತು ಮಾವನಿಗೆ ಸ್ನಾನ ಇಲ್ಲ ಧಣಿ."

ಪಕ್ಕದ ಮನೆಯವಳು ಅತ್ತೆಯನ್ನು ಬಾಗಿಲಲ್ಲಿ ಕೂರಿಸಿ ತಲೆಗೆ ನೀರು ಹೊಯ್ದಳು. ಆಚೆ ಮನೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಬಾಗಿಲು ಬಾಗಿಲಿಂದಲೂ ಹಬೆ ಎದ್ದಿತು. ಡ್ರೈವರ್ ಅಂಗಿ ಬಿಚ್ಚಿ, ಬೆರಳಚ್ಚು ಮೂಡಿದ ಕೆನ್ನೆ ಹೊತ್ತು ಬಂದು ಕುಕ್ಕರುಗಾಲಲ್ಲಿ ಕೂತ. "ನಂಗೂ ಒಂದು ತಂಬಿಗೆ ಹೊಯ್ಯೇ," ಎಂದ.

"ಇದು... ಕಾನೂನು ಪ್ರಕಾರ..." ಎಂದು ಶುರು ಮಾಡಿದ ಸಾಹೇಬನಿಗೆ ಸೀನು ಬಂತು. ಸ್ನಾನ ಮಾಡಬಾರದೆಂಬ ಕಾನೂನು ಅವನಿಗೂ ನೆನಪಾಗಲಿಲ್ಲ.

"ಬಿಸಿಲೇರಿದ್ರೆ ಇಂಜಿನ್ನು ತಾನಾಗೇ ಹತ್ಕೊಳ್ಳುತ್ತೆ ಧಣೀರೆ," ಎಂದ ಮೆಕ್ಯಾನಿಕ್. "ಒಳಗಿಂದ ಆ ಬ್ಯಾಟರಿ ಒಂದನ್ನ ತರಿಸಿಬಿಡಿ, ಸಾಕು."

ಬಿಸಿನೀರಕ್ಕನಿಗೆ ಅದು ಕೇಳಿಸಿತು. ಒಳಗೆ ಹೋಗಿ ಬ್ಯಾಟರಿಯ ಮೇಲಿನ ಕಂಬಳಿ ಎಳೆದು ಕೂಸಿಗೆ ಸುತ್ತಿ ಮಗಳ ಕೈಗೆ ಕೊಟ್ಟಳು. ಬ್ಯಾಟರಿಯ ಮೇಲೆ ಮಣೆ ಹಾಕಿ ತಾನೇ ಕೂತಳು. ಧಣಿ ಕಾವಲುಗಾರನನ್ನು ಕೂಗಿದ. ಕಾವಲುಗಾರ ಅಂಗೈ ತಿರುಗಿಸಿ ಇನ್ನೊಂದು ಮಗ್ಗುಲು ಕಾಯಿಸಿಕೊಂಡ. ಕೊನೆಗೆ ಧಣಿಯೇ ಬಡಿಗೆ ಹಿಡಿದು, ಸ್ನಾನದ ನೀರು ಹರಿದ ಕೆಸರಲ್ಲಿ ಜಾರುತ್ತ, ಹೊಸ್ತಿಲ ತನಕ ಬಂದ.

ಒಲೆಯ ಮೇಲೆ ಇನ್ನೊಂದು ಹಂಡೆ ಕೊತಕೊತ ಕುದಿಯುತ್ತಿತ್ತು. ಬಿಸಿನೀರಕ್ಕ ತಂಬಿಗೆ ಅದ್ದಿ, ತುಂಬ ತೋಡಿ, ಕೈಯಲ್ಲಿ ಹಿಡಿದುಕೊಂಡಳು. ಅದಕ್ಕೆ ತಣ್ಣೀರು ಬೆರೆಸಲಿಲ್ಲ.

"ಬನ್ನಿ ಧಣಿ," ಎಂದಳು. "ನಿಮಗೂ ಚಳಿ ಆಗಿರ್ಬೇಕು."