ನಿಲ್ಲಿಸಿದ ಗುಳಿಗೆ

"ಬೆಳಬೆಳಿಗ್ಗೇನೇ ಏರಿಸ್ಕೊಂಡ್ ಬಂದಿದ್ದೀಯೇನೆ, ಬೋಸುಡಿ? ಕಣ್ ನೋಡು, ಅರಿಸಿಣದಾಗ್ ಅದ್ದಿ ತಗ್ದಂಗೈತೆ!"

ಮೇಸ್ತ್ರಿ ವಾಚಿ ಕೋಲಿನ ತುದಿಯಿಂದ ಫೈನೆಸಿಯ ಗದ್ದ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಮುಖ ತಿರುಗಿಸಿದ. ಚಹಾ ಗಿಡಗಳಲ್ಲಿ ಸೊಂಟದವರೆಗೆ ಮುಳುಗಿದ್ದ ನಾವು ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಕಚಾಸು ಸಾರಾಯಿ ಮುಟ್ದೋಳಲ್ಲ ಕಣಣ್ಣಾ ನಾನು," ಅಂದಳು ಫೈನೆಸಿ. "ಮೈಯಾಗೆ ಏನೋ ಕೆಟ್ಟೈತೆ. ನ್ಸಿಮಾ ಮುದ್ದೆ ವಾಸ್ನೆ ಬಂದ್ರೇ ವಾಂತಿ ಬತ್ತದೆ."

"ಆ ಕಾಯ್ಲೆ ಅಂಟಿಸ್ಕೊಂಡ ಮುಂಡೇರೆಲ್ಲಾ ಇಂಗೇ ಬೊಗಳಾದು. ಬುಟ್ಟಿ ತುಂಬ್ಸು, ಇಲ್ಲ ಗುಡ್ಲು ಖಾಲಿ ಮಾಡು."

ಆ ಕಾಯಿಲೆ ಅಂದರೆ ಎಚ್‌ಐವಿ. ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಜನರಿಗೆ ಅದು ಇತ್ತು. ಚೋಲೊ ಬೆಟ್ಟದ ತೋಟಗಳಲ್ಲಿ ಅದನ್ನು ಮುಚ್ಚಿಡುವ ಕಾಲ ಹೋಗಿ ಬಹಳ ದಿನವಾಗಿದೆ. ಫೈನೆಸಿಯ ಗಂಡನೂ ನನ್ನ ಗಂಡನೂ ಅದರಲ್ಲೇ ಹೋದವರು. ಉಳಿದ ನಾವಿಬ್ಬರೂ ಅಕ್ಕಪಕ್ಕದ ಗುಡಿಸಲಲ್ಲಿ, ಸಂಜೆ ಒಂದೇ ಚೊಂಬಿನ ನೀರಿನಲ್ಲಿ ಗುಳಿಗೆ ನುಂಗಿ ವರ್ಷಗಟ್ಟಲೆ ಬದುಕಿದ್ದೆವು. ಮೈ ತುಂಬಿಕೊಂಡಿತ್ತು. ಫೈನೆಸಿ ಇಡೀ ಸಾಲಿಗೆ ಕೇಳುವಂತೆ ಹಾಡುತ್ತಿದ್ದಳು.

ಮಳೆಗಾಲ ಶುರುವಾದಾಗ ತೋಟದ ದವಾಖಾನೆಯ ಕಲಿಲೊಂಬೆ ಗುಳಿಗೆ ಬದಲಾಯಿಸಿದ. ಅವನು ಡಾಕ್ಟರಲ್ಲ, ಸಹಾಯಕ. ಆದರೆ ಬಿಳಿ ಕೋಟು ಹಾಕಿದವನನ್ನು ನಾವು ಇನ್ನೇನೆಂದು ಕರೆಯುವುದು?

"ಯಾಕೆ ಡಾಕ್ಟ್ರೇ, ಹಳೇದೇ ಚಂದಾಗಿತ್ತಲ್ಲ?" ಅಂತ ಫೈನೆಸಿ ಕೇಳಿದ್ದಳು.

"ಹಳೇದು ಕಿಡ್ನಿ ತಿನ್ತದೆ ಅಂತ ಮೇಲಿನೋರು ಹೇಳವ್ರೆ. ನಿಂಗ್ಯಾಕೆ ತಲೆನೋವು? ಎಲೆ ಕೀಳೋಳು ಎಲೆ ಕೀಳು."

ನನಗೂ ಅದೇ ಹೊಸ ಡಬ್ಬಿ ಕೊಟ್ಟ. ಯಾರ ತೋಳಿಗೂ ಸೂಜಿ ಚುಚ್ಚಲಿಲ್ಲ, ರಕ್ತ ನೋಡಲಿಲ್ಲ.

ವಾಚಿ ಅವಮಾನ ಮಾಡಿದ ಆ ದಿನವೇ, ಎಲೆ ತೂಗುವ ಕಟ್ಟೆಯ ಹತ್ತಿರ ಫೈನೆಸಿ ಬುಟ್ಟಿ ಸಮೇತ ಉರುಳಿದಳು. ಕಲಿಲೊಂಬೆ ಜ್ವರದ ಮಾತ್ರೆ ಕೈಗಿಟ್ಟು, "ಕುಡಿಯೋದ್ ಬಿಡು" ಅಂದ. ನಾನು ಅವಳನ್ನು ಬಾಡಿಗೆ ಸೈಕಲ್ಲಿನ ಹಿಂದೆ ಕೂರಿಸಿ, ಬೀಳದಂತೆ ನನ್ನ ಸೊಂಟದ ಚಿತೆಂಜೆ ಬಟ್ಟೆಯಿಂದ ಸೈಕಲ್ಲಿನವನ ಬೆನ್ನಿಗೆ ಕಟ್ಟಿ, ಪಕ್ಕದಲ್ಲೇ ಓಡುತ್ತಾ ಜಿಲ್ಲಾ ಆಸ್ಪತ್ರೆಗೆ ಹೋದೆ.

ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ರಕ್ತ ತೆಗೆಸಿದಳು. ನಾನು ಒಯ್ದಿದ್ದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇವರಿಗೆ ಎಚ್‌ಐವಿ ಜೊತೆಗೆ ಹೆಪಟೈಟಿಸ್ ಬಿ ಅನ್ನೋ ಸೋಂಕೂ ಇದೆ, ಅಮ್ಮ. ಲಿವರ್ ತಿನ್ನೋದು. ಹಳೆ ಗುಳಿಗೆ ಎರಡನ್ನೂ ಅದುಮಿ ಇಟ್ಟಿತ್ತು. ಹೊಸದಕ್ಕೆ ಇದನ್ನ ಹಿಡಿಯೋ ಶಕ್ತಿ ಇಲ್ಲ. ಬದಲಾಯಿಸೋ ಮುಂಚೆ ರಕ್ತ ನೋಡ್ಲಿಲ್ವಾ ನಿಮ್ಮ ತೋಟದವರು?"

"ಯಾರ್ ನೋಡ್ತಾರವ್ವಾ ನಮ್ ರಕ್ತವ?"

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಹಳೆ ಗುಳಿಗೆ ಮತ್ತೆ ಶುರು ಮಾಡುತ್ತೇನೆ, ಆದರೆ ತುಂಬಾ ತಡವಾಗಿದೆ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಮಗೂ ಇದೇ ಡಬ್ಬಿನಾ?"

ತಲೆ ಆಡಿಸಿದೆ. ರಕ್ತದ ಹನಿ ಹಾಕಿ ಪರೀಕ್ಷೆ ಮಾಡುವ ಪಟ್ಟಿಗಾಗಿ ಕಪಾಟು ಹುಡುಕಿದಳು. ಫೈನೆಸಿಗೆ ಬಳಸಿದ್ದೇ ಕೊನೆಯದು.

"ಔಷಧದ ಲಾರಿ ಬಂದ ಮೇಲೆ ಬನ್ನಿ. ನೀವಾಗೇ ಗುಳಿಗೆ ನಿಲ್ಲಿಸಬೇಡಿ. ಈ ಡಬ್ಬಿ ಎಷ್ಟು ಜನಕ್ಕೆ ಕೊಟ್ಟಿದ್ದಾರೋ ಅಷ್ಟೂ ಜನ ರಕ್ತ ತೋರಿಸ್ಬೇಕು."

ಫೈನೆಸಿಯ ಹೊಟ್ಟೆ ಊದಿತು. ಬುದ್ಧಿ ಮಂಕಾಯಿತು, ನನ್ನ ಗುರುತೂ ಹೋಯಿತು. ಆಸ್ಪತ್ರೆಯ ಬೂದು ಕಂಬಳಿಯ ಮೇಲೆ ಅವಳ ಎರಡೂ ಕೈಗಳು ಸುಮ್ಮನೆ ಎಲೆ ಕೀಳುತ್ತಿದ್ದವು. ಕಿತ್ತು, ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವಳು; ಮತ್ತೆ ಕೀಳುವಳು. ನಾನು ಕೈ ಹಿಡಿದುಕೊಂಡರೆ "ಬಿಡೇ, ಮೇಸ್ತ್ರಿ ಬತ್ತಾನೆ" ಅಂತ ಕೊಸರುವಳು. ಭಾನುವಾರ ಚರ್ಚಿನ ಗಂಟೆ ಬಾರಿಸುವ ಹೊತ್ತಿಗೆ ಆ ಕೈಗಳು ನಿಂತವು.

ಮಣ್ಣು ಮಾಡಿ ಬಂದರೆ, ವಾಚಿ ಅವಳ ಚಾಪೆ, ತಟ್ಟೆ, ಬಟ್ಟೆಗಳನ್ನೆಲ್ಲ ಗುಡಿಸಲ ಮುಂದೆ ರಾಶಿ ಹಾಕಿ ಬೆಂಕಿ ಹಚ್ಚಿದ್ದ.

"ಅಂಟುರೋಗ ಅಂತೆ. ತೋಟದ ದೊರೆ ಸುಟ್ಟಾಕು ಅಂದವ್ರೆ. ಕುಡ್ಕ ಮುಂಡೆ, ಸತ್ತು ನಮ್ಗೂ ಗಂಟಾಕ್ ಹೋದ್ಲು."

ಅವನ ಹಿಂದೆ ಅವನ ಹೆಂಡತಿ ಲಿಸಿನೆಟಿ ನಿಂತಿದ್ದಳು. ನಾನು ಅವನನ್ನು ದಾಟಿ ಅವಳ ಹತ್ತಿರ ಹೋದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಹೇಳುತ್ತಾ ಹೋದ ಹಾಗೆ ಅವಳ ಮುಖ ಬಿಳಿಚಿಕೊಂಡಿತು.

"ನಂಗೂ ಅದೇ ಡಬ್ಬಿ ಕಣೇ ಎನೆಲೆಸಿ," ಅಂದಳು ಮೆಲ್ಲಗೆ.

ವಾಚಿ ಗಕ್ಕನೆ ತಿರುಗಿದ. "ಯಾವ್ ಡಬ್ಬಿ? ಯಾವಾಗಿಂದ?"

"ನೀನ್ ಅಂಟಿಸ್ದಾಗಿಂದ," ಅಂದಳು ಲಿಸಿನೆಟಿ.

ಮರುದಿನ ಎಲೆ ಕೀಳುತ್ತಾ ಸಾಲಿನಿಂದ ಸಾಲಿಗೆ ಮಾತು ಹೋಯಿತು. ಹೊಸ ಡಬ್ಬಿ ಯಾರ್ಯಾರಿಗೆ? ಒಬ್ಬಳು ಮೈ ಕೆರೆತ ಅಂದಳು. ಇನ್ನೊಬ್ಬಳು, ಫೈನೆಸಿಗೆ ಹೋಗುತ್ತಿದ್ದಂತೆಯೇ, ಉಚ್ಚೆ ಕಪ್ಪು ಚಹಾದ ಹಾಗೆ ಹೋಗುತ್ತಿದೆ ಅಂದಳು. ನನಗೂ ನಾಲ್ಕು ದಿನದಿಂದ ಹಾಗೇ ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಎಲೆ ತೂಗಲು ಯಾರೂ ಹೋಗಲಿಲ್ಲ. ಹೆಂಗಸರೆಲ್ಲ ತುಂಬಿದ ಬುಟ್ಟಿ ಹೊತ್ತೇ ದವಾಖಾನೆಗೆ ಬಂದರು. ಎಲೆಯನ್ನು ಮೆಟ್ಟಿಲ ಮೇಲೆ ಸುರಿದು, ರವಿಕೆ ತೋಳು ಮೇಲಕ್ಕೆ ಮಡಿಸಿ, ಬರಿಯ ಕೈ ಮುಂದೆ ಚಾಚಿ ಕುಳಿತರು.

"ರಕ್ತ ತಗೊಳ್ರೀ ಡಾಕ್ಟ್ರೇ!" ಅಂತ ಕೂಗಿದೆ.

ಕಲಿಲೊಂಬೆ ಕಿಟಕಿಯಿಂದ ಇಣುಕಿದ. "ನನ್ತಾವ ಪರೀಕ್ಷೆ ಮಾಡೋ ಸಾಮಾನು ಇಲ್ಲ. ಹೋಗ್ರಿ, ಹೋಗ್ರಿ!"

"ಹಂಗಾರೆ ಹಳೇ ಗುಳ್ಗೆ ಕೊಡು! ಕಪಾಟ್ನಾಗೈತೆ, ನಾ ನೋಡಿವ್ನಿ!" ಅಂದಳು ಲಿಸಿನೆಟಿ.

ಅವನು ಕಿಟಕಿ ಹಾಕಿಕೊಂಡ. ಒಳಗಿನಿಂದ ಚಿಲಕ ಬಿದ್ದ ಸದ್ದು, ಆಮೇಲೆ ಫೋನಿನಲ್ಲಿ ದೊರೆಯ ಜೊತೆ ಗಡಿಬಿಡಿಯ ಮಾತು ಕೇಳಿಸಿತು. ಕಾರ್ಖಾನೆಯ ಸೈರನ್ನು ಕೂಗಿತು. ಯಾರೂ ಏಳಲಿಲ್ಲ. ಬಿಸಿಲಿಗೆ ಮೆಟ್ಟಿಲ ಮೇಲಿನ ಎಲೆ ಬಾಡತೊಡಗಿತು.

ವಾಚಿ ಕೋಲು ಬೀಸುತ್ತಾ ಓಡಿಬಂದ. "ಎದ್ದೇಳ್ರೇ ಲೌಡೀರಾ! ಪೊಲೀಸ್ರು ಬತ್ತಾವ್ರೆ!"

ಮೊದಲ ಮೆಟ್ಟಿಲ ಮೇಲೆ, ಕೈ ಚಾಚಿ, ಅವನ ಹೆಂಡತಿ ಕುಳಿತಿದ್ದಳು.

"ಬಾಗ್ಲು ನೀನ್ ಒಡೀತೀಯೋ, ನಾವ್ ಒಡೀಬೇಕೋ?" ಅಂತ ಕೇಳಿದಳು.

ಅವನು ನಿಂತಲ್ಲೇ ನಿಂತ. ಕೆಳಗೆ, ತೋಟದ ರಸ್ತೆಯ ತಿರುವಿನಲ್ಲಿ ಜೀಪುಗಳ ಕೆಂಪು ಧೂಳು ಏಳುತ್ತಿತ್ತು. ನಾನು ಎಲೆ ತುಳಿದುಕೊಂಡು ಮೇಲೆ ಹೋಗಿ ಬಾಗಿಲಿಗೆ ಭುಜ ಕೊಟ್ಟೆ. ಹಿಂದೆ ಒಬ್ಬೊಬ್ಬರೇ ಏಳುತ್ತಿರುವುದು ಕೇಳಿಸಿತು.